ಸಂಪಾದಕರ ಉತ್ತರ: ಕಾರ್ಡ್ ಇದೆ, ಕೂಲಿ ಹೋಯಿತು

ಕಳೆದ ಸಂಚಿಕೆಯ ಬಿಳಿಗಿರಿರಂಗನ ಬೆಟ್ಟದ ಲೇಖನ ಓದಿ ದಾವಣಗೆರೆಯ ಓದುಗರೊಬ್ಬರು ಎರಡು ಪುಟದ ಕಾಗದ ಬರೆದಿದ್ದಾರೆ. ಡಾ. ಎಚ್. ಸುದರ್ಶನ್ 1981ರಲ್ಲಿ ಅಲ್ಲಿನ ಬುಡಕಟ್ಟು ಜನರಾದ ಸೋಲಿಗರ ನಡುವೆ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, 1986ರಲ್ಲಿ ಕೆಳಗೆ ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗದ ಕೆಲಸಕ್ಕೆಂದು ಶುರುವಾದ ಕರುಣಾ ಟ್ರಸ್ಟ್, ಇವೆರಡರ ಬಗ್ಗೆ ಆ ಲೇಖನ ಇತ್ತು. ಕಾಗದದ ಸಾರ ಇಷ್ಟು: "ಸರ್ಕಾರಿ ಆಸ್ಪತ್ರೆ ಇದೆ, ಆಶಾ ಕಾರ್ಯಕರ್ತೆ ಇದ್ದಾರೆ, ಐದು ಲಕ್ಷದ ಕಾರ್ಡ್ ಇದೆ. ಎಲ್ಲರಿಗೂ ಒಂದೇ ಸೌಲಭ್ಯ. ಹಾಗಿರುವಾಗ ಆರೋಗ್ಯ ಸಮಾನತೆಗೆ ಅಂತ ಬೇರೆ ಸಂಸ್ಥೆ, ಅದಕ್ಕೆ ದೇಣಿಗೆ ಯಾಕೆ? ಸಂಬಳ ತೆಗೆದುಕೊಂಡು ಮಾಡುವುದು ಸೇವೆ ಹೇಗಾಗುತ್ತದೆ?" ಕೊನೆಯಲ್ಲಿ ಇನ್ನೊಂದು ಸಣ್ಣ ಪ್ರಶ್ನೆಯೂ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಕಾರ್ಡಿನಿಂದಲೇ ಶುರು ಮಾಡೋಣ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು, ನಿಜ. ಆದರೆ ಕೂಲಿ ಮಾಡುವ ಹೆಂಗಸು ನಾಲ್ಕು ದಿನ ಆಸ್ಪತ್ರೆಯಲ್ಲಿ ಮಲಗಿದರೆ ಆ ನಾಲ್ಕು ದಿನದ ಕೂಲಿ ಹೋಯಿತು. ಪಕ್ಕದಲ್ಲಿ ಕೂರುವ ಗಂಡನದೂ ಹೋಯಿತು. ಅದನ್ನು ಯಾವ ಕಾರ್ಡೂ ಕಟ್ಟಿಕೊಡುವುದಿಲ್ಲ. ಹಾಗಾಗಿ ಅವಳು ನೋವು ತಡೆಯಲಾರದೆ ಹೋಗುವವರೆಗೆ ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ. 2002ರಲ್ಲಿ ಕರುಣಾ ಟ್ರಸ್ಟ್‌ನವರು ನ್ಯಾಷನಲ್ ಇನ್ಶೂರೆನ್ಸ್ ಕಂಪನಿಯ ಜೊತೆ ಸೇರಿ ತಿ. ನರಸೀಪುರದ ಕಡೆ ಒಂದು ವಿಮೆ ಮಾಡಿಸಿದರು. ಸರ್ಕಾರಿ ಆಸ್ಪತ್ರೆಗೆ ದಾಖಲಾದರೆ ದಿನಕ್ಕೆ 50 ರೂಪಾಯಿ ಔಷಧಿಗೆ, ಇನ್ನೊಂದು 50 ರೂಪಾಯಿ ತಪ್ಪಿದ ಕೂಲಿಗೆ. ಮೊತ್ತ ನೋಡಿ ನಗಬೇಡಿ. ಕೂಲಿ ತಪ್ಪುವುದನ್ನೂ ಕಾಯಿಲೆಯ ಖರ್ಚಿಗೆ ಸೇರಿಸಬೇಕು ಅಂತ ಹೊಳೆಯುವುದು ಮನೆ ಮನೆ ತಿರುಗಿದವರಿಗೆ ಮಾತ್ರ.

ಮನೆ ಮನೆ ತಿರುಗುವುದು ಎಂದೆ. ಯಳಂದೂರು ತಾಲ್ಲೂಕಿನ ಮೂರ್ಛೆರೋಗದ ಕೆಲಸ ನೋಡಿ. 1990ರ ದಶಕದಲ್ಲಿ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಅವರ ಮಾರ್ಗದರ್ಶನದಲ್ಲಿ ಅಲ್ಲಿ ಮನೆ ಬಾಗಿಲಿಗೆ ಹೋಗಿ ಸಮೀಕ್ಷೆ ಮಾಡಿದರು. ಮೂರ್ಛೆ ಇರುವ ಮಗಳನ್ನು ಯಾರೂ ತಾವಾಗಿ ಆಸ್ಪತ್ರೆಗೆ ಕರೆತರುವುದಿಲ್ಲ. ಮದುವೆ ನಿಂತುಹೋಗುತ್ತದೆ ಎಂಬ ಭಯ. ಅದರಲ್ಲೂ ನಮ್ಮ ಮೈಸೂರು ಸೀಮೆಗೆ ಅಂಟಿಕೊಂಡ ಒಂದು ಬಗೆ ಉಂಟು, ಬಿಸಿನೀರಿನ ಮೂರ್ಛೆ. ಹಂಡೆಯಲ್ಲಿ ಚೆನ್ನಾಗಿ ಕಾದ ನೀರನ್ನು ಚೊಂಬಿನಲ್ಲಿ ಮೊಗೆದು ಒಂದರ ಹಿಂದೊಂದು ನೆತ್ತಿಗೆ ಹುಯ್ಯುತ್ತಾರಲ್ಲ, ಆಗ ಕೆಲವರಿಗೆ ಕಣ್ಣು ಮಂಜಾಗಿ ಮಾತು ತೊದಲಿ ಪ್ರಜ್ಞೆ ತಪ್ಪುತ್ತದೆ. "ಫಿಟ್ಸ್ ಬರುತ್ತಾ?" ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ. "ತಲೆಗೆ ನೀರು ಹುಯ್ಕೊಂಡಾಗ ಏನಾದ್ರೂ ಆಗುತ್ತಾ?" ಅಂತ ಬಚ್ಚಲಿನ ಬಾಗಿಲಲ್ಲೇ ನಿಂತು ಕೇಳಿದರೆ ಅಜ್ಜಿ ಮೆಲ್ಲಗೆ ಬಾಯಿ ಬಿಡುತ್ತಾಳೆ. ಬಹಳ ಮಂದಿಗೆ ನೀರನ್ನು ಉಗುರುಬೆಚ್ಚಗೆ ಮಾಡಿದರೆ ಸಾಕು, ಕೆಲವರಿಗೆ ಮಾತ್ರೆ ಬೇಕಾಗುತ್ತದೆ. ಮಾಮೂಲಿ ಮೂರ್ಛೆಗೂ ಆ ಕಾರ್ಯಕ್ರಮದಲ್ಲಿ ಕೊಟ್ಟದ್ದು ಫಿನೋಬಾರ್ಬಿಟೋನ್, ಫೆನಿಟಾಯಿನ್‌ನಂಥ ಅಗ್ಗದ, ಹಳೆಯ ಮಾತ್ರೆಗಳನ್ನೇ. ಬಹಳ ಮಂದಿಗೆ ಅದರಲ್ಲೇ ಹತೋಟಿಗೆ ಬಂತು. ಅಂದರೆ ಮಾತ್ರೆ ಅಂಗಡಿಯಲ್ಲಿ ಮೊದಲಿಂದಲೂ ಇತ್ತು, ರೋಗಿ ಅದೇ ಊರಲ್ಲೇ ಇದ್ದ. ಎರಡರ ಮಧ್ಯೆ ಒಬ್ಬ ಮನುಷ್ಯ ಇರಲಿಲ್ಲ.

"ಎಲ್ಲರಿಗೂ ಒಂದೇ" ಎಂಬ ನಿಮ್ಮ ಮಾತನ್ನು ಸ್ವತಃ ಸರ್ಕಾರವೇ ಒಪ್ಪುವುದಿಲ್ಲ. ಬಯಲುಸೀಮೆಯಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕೆಂದರೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000ಕ್ಕೇ ಒಂದು ಇರಬೇಕು ಎನ್ನುವುದು ಅದರದೇ ನಿಯಮ. ಕಾಯಿಲೆಗಳೂ ಒಂದೇ ಅಲ್ಲ. ಸೋಲಿಗರಲ್ಲಿ ಕುಡಗೋಲು ರಕ್ತಕಣದ ಕಾಯಿಲೆ, ಅಂದರೆ ಸಿಕಲ್ ಸೆಲ್, ಇದೆ. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ, ಅಂದರೆ ತಮಗೆ ಕಾಯಿಲೆ ಇಲ್ಲದಿದ್ದರೂ ಅದರ ಜೀನ್ ಹೊತ್ತವರಾಗಿದ್ದರೆ, ಪ್ರತಿ ಹೆರಿಗೆಯಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಕೇಂದ್ರ ಸರ್ಕಾರ ಇದರ ನಿರ್ಮೂಲನೆಗೆ ರಾಷ್ಟ್ರಮಟ್ಟದ ಅಭಿಯಾನ ಶುರು ಮಾಡಿದ್ದು 2023ರ ಜುಲೈನಲ್ಲಿ. ಬೆಟ್ಟದ ಕೇಂದ್ರದವರು ಅದಕ್ಕೂ ಎಷ್ಟೋ ವರ್ಷ ಮುಂಚೆಯೇ ಪೋಡುಗಳಲ್ಲಿ, ಅಂದರೆ ಸೋಲಿಗರ ಹಾಡಿಗಳಲ್ಲಿ, ರಕ್ತ ಪರೀಕ್ಷೆ ಮಾಡುತ್ತಿದ್ದರು.

ಇನ್ನು ಸಂಬಳ. ಇಲ್ಲಿ ನನಗೆ ಸ್ವಲ್ಪ ಸಿಟ್ಟೇ ಬಂತು, ಕ್ಷಮಿಸಿ. ಬೆಂಗಳೂರಿನ ದೊಡ್ಡ ಆಸ್ಪತ್ರೆಯ ವೈದ್ಯರಿಗೆ ಲಕ್ಷಗಟ್ಟಲೆ ಸಂಬಳ ಯಾಕೆ ಅಂತ ನಾವು ಯಾರೂ ಕಾಗದ ಬರೆಯುವುದಿಲ್ಲ. ಪೋಡಿನ ಹುಡುಗಿ ಎಎನ್‌ಎಂ, ಅಂದರೆ ಸಹಾಯಕ ದಾದಿ ಮತ್ತು ಸೂಲಗಿತ್ತಿಯ, ತರಬೇತಿ ಪಡೆದು ತನ್ನ ಜನರ ನಡುವೆಯೇ ಕೆಲಸಕ್ಕೆ ನಿಂತರೆ ಅವಳು ಮಾತ್ರ ಪುಣ್ಯಕ್ಕೆ ದುಡಿಯಬೇಕು. ನೀವು ಹೆಸರೆತ್ತಿದ ಆಶಾ ಕಾರ್ಯಕರ್ತೆಯರು 2025ರ ಜನವರಿಯ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತದ್ದು ಗೌರವಧನ ಏರಿಸಿ ಅಂತ. ಹೊಟ್ಟೆಗೆ ಸಾಲದಿದ್ದರೆ ಕಲಿತವರು ಊರು ಬಿಡುತ್ತಾರೆ, ಮೂರ್ಛೆಯ ಮಾತ್ರೆ ಮತ್ತೆ ಅಂಗಡಿಯಲ್ಲೇ ಉಳಿಯುತ್ತದೆ.

ಒಂದು ಕಡೆ ನಿಮ್ಮ ಅನುಮಾನ ನ್ಯಾಯವಾದದ್ದು. ದಾನಿಗಳ ಹಣ ಮೂರು ವರ್ಷಕ್ಕೆ ಬಂದು ನಿಂತುಹೋಗುವಂಥದ್ದು. ಯೋಜನೆ ಮುಗಿಯಿತು ಅಂತ ಬೋರ್ಡ್ ಕಿತ್ತುಕೊಂಡು ಹೋದ ಸಂಸ್ಥೆಗಳು ಬೇಕಾದಷ್ಟಿವೆ. 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಆರೋಗ್ಯ ಕೇಂದ್ರವನ್ನು ಕರುಣಾ ಟ್ರಸ್ಟ್‌ಗೆ ವಹಿಸಿದಾಗ, ಸರ್ಕಾರ ತನ್ನ ಹೊಣೆ ಜಾರಿಸಿಕೊಳ್ಳಲು ಇದು ದಾರಿಯಾಗುವುದಿಲ್ಲವೇ ಎಂಬ ಪ್ರಶ್ನೆ ಹುಟ್ಟುವುದು ಸಹಜ. ಈಗಲೂ ಆ ಪ್ರಶ್ನೆ ಕೇಳುತ್ತಿರಬೇಕು. ಆದರೆ ಗುಂಬಳ್ಳಿಯಲ್ಲಿ ಮೂರ್ಛೆ ಮತ್ತು ಮಾನಸಿಕ ಕಾಯಿಲೆಗಳ ಚಿಕಿತ್ಸೆಯನ್ನು ಒಂದು ಹಳ್ಳಿಯ ಆರೋಗ್ಯ ಕೇಂದ್ರದೊಳಗೇ ತಂದು ತೋರಿಸಿದ್ದು ಸರ್ಕಾರಕ್ಕೂ ಪಾಠವೇ. ಮುಂದೆ ಇದೇ ಸುದರ್ಶನ್ ಅಧ್ಯಕ್ಷತೆಯ ಕಾರ್ಯಪಡೆ 2001ರ ಏಪ್ರಿಲ್‌ನಲ್ಲಿ ರಾಜ್ಯದ ಆರೋಗ್ಯ ವ್ಯವಸ್ಥೆಯ ಬಗ್ಗೆ ವರದಿ ಕೊಟ್ಟಾಗ, ದೋಷಗಳ ಪಟ್ಟಿಯಲ್ಲಿ ಮೊದಲು ಬರೆದದ್ದು ಭ್ರಷ್ಟಾಚಾರ. ಸಮಾನತೆಯ ಕಡೆ ಗಮನವಿಲ್ಲ ಎನ್ನುವುದೂ ಅದೇ ಪಟ್ಟಿಯಲ್ಲಿತ್ತು. ಸರ್ಕಾರದ ಹಂಗಿನಲ್ಲಿ ಕೆಲಸ ಮಾಡುತ್ತಲೇ ಸರ್ಕಾರದ ಮುಖಕ್ಕೆ ಇದನ್ನು ಹೇಳುವವರು ಎಷ್ಟು ಜನ ಸಿಗುತ್ತಾರೆ?

ದೇಣಿಗೆ ಕೊಡುವುದು ಬಿಡುವುದು ನಿಮ್ಮಿಷ್ಟ. ಕೊಡುವ ಮನಸ್ಸಿದ್ದರೆ ಯಾವ ಸಂಸ್ಥೆಯನ್ನೇ ಆಗಲಿ ಕೇಳಿ: ನಿಮ್ಮಲ್ಲಿ ಕೆಲಸ ಮಾಡುವವರಲ್ಲಿ ಸ್ಥಳೀಯರು ಎಷ್ಟು, ಅವರ ಕೈಗೆ ತಿಂಗಳಿಗೆ ಏನು ಸಿಗುತ್ತದೆ, ನೀವು ಶುರು ಮಾಡಿದ ಯಾವ ಕೆಲಸವನ್ನು ಈಗ ಸರ್ಕಾರವೇ ಮಾಡುತ್ತಿದೆ? ಉತ್ತರ ಕೊಡಲು ತಡವರಿಸಿದರೆ ಹಣ ಜೇಬಲ್ಲೇ ಇಟ್ಟುಕೊಳ್ಳಿ.

ಮಕ್ಕಳನ್ನು ರಜೆಯಲ್ಲಿ ಕರೆದುಕೊಂಡು ಹೋಗಿ ಪೋಡು ತೋರಿಸಬಹುದೇ ಎಂಬುದು ನಿಮ್ಮ ಕೊನೆಯ ಪ್ರಶ್ನೆ. ಬೆಟ್ಟಕ್ಕೆ ಧಾರಾಳವಾಗಿ ಹೋಗಿ, ರಂಗನಾಥನ ದರ್ಶನ ಮಾಡಿ. ಪೋಡು ಮಾತ್ರ ಬೇಡ. ಅದು ಜನ ಬಾಳುವ ಮನೆಗಳು, ಕರೆದರೆ ಹೋಗಬೇಕು.