ಪ್ರಕರಣ: ಖಾಲಿ ರಾಡ್‌ಗೆ ನಾಚಿದ ಹೋಟೆಲ್ ಯಜಮಾನರು

ಜುಲೈ ತಿಂಗಳ ಒಂದು ಮಧ್ಯಾಹ್ನ. ಮಳೆಗೆ ಮುಂಬೈಯ ಸೆಂಟ್ರಲ್ ಲೈನಿನ ಲೋಕಲ್ ಗಾಡಿಗಳೆಲ್ಲ ಲೇಟು. ಡೊಂಬಿವಲಿಯಿಂದ ಮಾಟುಂಗಕ್ಕೆ, ಆಪ್ತಸಲಹೆಗೆಂದು ನನ್ನ ಹತ್ತಿರ ಬಂದ ಶೇಖರಣ್ಣ ಒದ್ದೆ ಕೊಡೆಯನ್ನು ಬಾಗಿಲ ಹೊರಗೆ ಒರಗಿಸಿದರು. ಕುರ್ಚಿಯ ಎರಡೂ ಕೈ ಹಿಡಿದು, ಸೊಂಟವನ್ನು ಒಂದು ಪಕ್ಕಕ್ಕೆ ವಾಲಿಸಿ, ಮೆಲ್ಲಗೆ ಕೂತರು.

"ಸೊಂಟ ಹಿಡಿದಿದೆ ಮೇಡಂ. ಆದರೆ ನಾನು ಬಂದದ್ದು ಅದಕ್ಕಲ್ಲ. ಮಗ ನನ್ನ ಹತ್ರ ಮಾತು ಬಿಟ್ಟು ಹದಿನೇಳು ದಿನ ಆಯ್ತು."

ಹೆಸರು ಬದಲಿಸಿದ್ದೇನೆ, ಊರು ಮತ್ತು ಕೆಲವು ವಿವರಗಳನ್ನೂ. ಬರೆಯಲು ಅವರ ಒಪ್ಪಿಗೆ ಇದೆ. "ಹೋಟೆಲಿನ ಹೆಸರು ಹಾಕಿದ್ರೂ ಅಡ್ಡಿಯಿಲ್ಲ, ಗಿರಾಕಿ ಬರ್ಲಿ" ಎಂದು ನಕ್ಕರು. ನಾನು ಹಾಕುತ್ತಿಲ್ಲ.

ವಯಸ್ಸು 53. ಕಾರ್ಕಳದ ಕಡೆಯವರು. ಹದಿನಾಲ್ಕನೇ ವಯಸ್ಸಿಗೆ ಮುಂಬೈ ಬಸ್ಸು ಹತ್ತಿದವರು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ಕನ್ನಡದ ರಾತ್ರಿ ಶಾಲೆಗೆ ಹೋಗಿ ಎಸ್ಸೆಸ್ಸಿ ಮಾಡಿಕೊಂಡರು. ಈಗ ಡೊಂಬಿವಲಿಯಲ್ಲಿ ಸ್ವಂತದ್ದೊಂದು ಚಿಕ್ಕ ಹೋಟೆಲು. ಒಬ್ಬನೇ ಮಗ, 24 ವರ್ಷ, ಕಂಪ್ಯೂಟರ್ ಕೆಲಸ. ನಾಲ್ಕು ವರ್ಷದಿಂದ ಜಿಮ್‌ಗೆ ಹೋಗುತ್ತಾನೆ.

ಫೆಬ್ರವರಿಯಲ್ಲಿ ಅಪ್ಪನೂ ಅದೇ ಜಿಮ್ ಸೇರಿದರು. ಐದನೇ ವಾರಕ್ಕೆ ಡೆಡ್‌ಲಿಫ್ಟ್‌ನಲ್ಲಿ, ಅಂದರೆ ನೆಲದ ಮೇಲಿನ ರಾಡನ್ನು ಬಗ್ಗಿ ಹಿಡಿದು ನೆಟ್ಟಗೆ ನಿಲ್ಲುವ ಕಸರತ್ತಿನಲ್ಲಿ, 100 ಕೆಜಿಗೆ ಕೈ ಹಾಕಿದರು. ಯಾಕೆಂದರೆ ಪಕ್ಕದಲ್ಲಿ ಮಗ 120 ಎತ್ತುತ್ತಿದ್ದ. ರಾಡ್ ಮೊಣಕಾಲಿನವರೆಗೆ ಬಂತು. ಅಲ್ಲಿ ಬೆನ್ನು ಬಾಗಿತು, ಏನೋ ಚಳಕ್ ಎಂದಿತು. ಡಾಕ್ಟರು ನೋಡಿ, ನರಕ್ಕೆ ಏನೂ ಆಗಿಲ್ಲ, ಸ್ನಾಯು ಎಳೆದಿದೆ, ಸ್ವಲ್ಪ ದಿನ ಭಾರ ಎತ್ತಬೇಡಿ ಎಂದರು. ಇವರು ಮೂರು ವಾರ ಸುಮ್ನಿದ್ದರು. ಆಮೇಲೆ ಮಗ ಆಫೀಸಿನಲ್ಲಿರುವ ಹೊತ್ತು ನೋಡಿ, ಮಧ್ಯಾಹ್ನ ಹೋಗಿ 90 ಎತ್ತಿದರು. ಜೂನಿನಲ್ಲಿ ಸೊಂಟ ಮತ್ತೆ ಹಿಡಿಯಿತು. ಗುಟ್ಟು ಹೊರಬಿತ್ತು. ಮಗ ಕೌಂಟರ್ ಮುಂದೆ, ಕೆಲಸದ ಹುಡುಗರ ಎದುರಿಗೇ, "ನಿಮಗೆ ವಯಸ್ಸಾಯ್ತು ಪಪ್ಪ, ಒಪ್ಕೊಳ್ಳಿ" ಎಂದುಬಿಟ್ಟ. ಅಪ್ಪ ಇನ್ನೂ ಜೋರಾಗಿ ಏನೋ ಅಂದರು. ಏನೆಂದು ನನಗೆ ಹೇಳಲಿಲ್ಲ. ಅಲ್ಲಿಂದ ಮಾತಿಲ್ಲ.

ಮೊದಲ ದಿನ ನಾನು ಒಂದು ತಪ್ಪು ಮಾಡಿದೆ. ಈ ವಯಸ್ಸಿಗೆ ಇದೆಲ್ಲ ಯಾಕೆ, ಬೆಳಿಗ್ಗೆ ವಾಕಿಂಗ್ ಹೋಗಬಹುದಲ್ವಾ ಎಂದು ಕೇಳಿದೆ. ಶೇಖರಣ್ಣ ನನ್ನನ್ನೇ ನೋಡಿದರು. "ಇದೇ ಕೈಯಲ್ಲಿ 50 ಕೆಜಿ ಅಕ್ಕಿ ಮೂಟೆ ಹೊತ್ತು ಮಾಳಿಗೆ ಹತ್ತಿದವ ನಾನು. ನನಗೆ ವಾಕಿಂಗ್ ಹೇಳ್ತೀರಾ?" ಮಗ ಹೇಳಿದ್ದನ್ನೇ ನಾನು ಮೆತ್ತಗೆ ಹೇಳಿದ್ದೆ, ಅಷ್ಟೇ. ಅವರು ಎರಡನೇ ಸಲ ಬಂದದ್ದೇ ನನ್ನ ಪುಣ್ಯ.

ಎರಡನೇ ಸಲ ನಾನು ಬೇರೆ ಪ್ರಶ್ನೆ ಕೇಳಿದೆ. ಫೆಬ್ರವರಿಯಲ್ಲೇ ಯಾಕೆ ಸೇರಿದಿರಿ? ಮಗ ನಾಲ್ಕು ವರ್ಷದಿಂದ ಹೋಗುತ್ತಿದ್ದಾನಲ್ಲ?

ಬಹಳ ಹೊತ್ತು ಕೊಡೆಯ ಹಿಡಿ ತಿರುಗಿಸುತ್ತ ಕೂತರು. ಆಮೇಲೆ ಹೇಳಿದರು. ಜನವರಿಯಲ್ಲಿ ಊರಿನಿಂದ ಫೋನ್ ಬಂತು. ಅವರ ಅಪ್ಪನಿಗೆ 81. ಒಂದು ಬೆಳಿಗ್ಗೆ ಪಾಯಿಖಾನೆಯಲ್ಲಿ ಕೂತವರಿಗೆ ಏಳಲು ಆಗಲಿಲ್ಲ. ಜ್ವರ ಇಲ್ಲ, ಬಿದ್ದಿಲ್ಲ, ಪಾರ್ಶ್ವವಾಯು ಅಲ್ಲ. ಸುಮ್ನೆ ಕಾಲಿನಲ್ಲಿ ಬಲ ಇರಲಿಲ್ಲ. ಪಕ್ಕದ ಮನೆಯವರು ಬಂದು ಎಬ್ಬಿಸುವಾಗ ಮುಕ್ಕಾಲು ಗಂಟೆ ಆಗಿತ್ತು. ಶೇಖರಣ್ಣ ಊರಿಗೆ ಹೋದರು. ಮೂರನೇ ದಿನ ಮತ್ತೆ ಹಾಗೇ ಆಯಿತು. ಈ ಸಲ ಮನೆಯಲ್ಲಿದ್ದವರು ಇವರೊಬ್ಬರೇ.

"ಕಂಕುಳಿಗೆ ಕೈ ಕೊಟ್ಟು ಎತ್ತಿದೆ. ಆಗಲಿಲ್ಲ. ಅಪ್ಪ 46 ಕೆಜಿ ಮೇಡಂ. ಆಸ್ಪತ್ರೆಯಲ್ಲಿ ತೂಕ ನೋಡಿದ್ದೆವು. ಒಂದು ಮೂಟೆಯಷ್ಟೂ ಇಲ್ಲ. ನನಗೆ ಎತ್ತಲಿಕ್ಕೆ ಆಗಲಿಲ್ಲ."

ಅಪ್ಪ ಏಪ್ರಿಲ್‌ನಲ್ಲಿ ತೀರಿಕೊಂಡರು.

ಮಗನ 120 ಕೆಜಿಯ ಜೊತೆ ಸ್ಪರ್ಧೆ ಎಂದು ನಾನು ತಿಳಿದಿದ್ದೆ. ಮನೆಯವರೂ ಹಾಗೇ ತಿಳಿದಿದ್ದರು. ನಿಜವಾದ ಲೆಕ್ಕ 46ರದ್ದು. ಅದನ್ನು ಅವರು ಹೆಂಡತಿಗೂ ಹೇಳಿರಲಿಲ್ಲ.

ಇಲ್ಲಿ ಎರಡು ಮಾತು ಹೇಳಿದೆ. ಒಂದು, ಕೈಕಾಲು ಬಿಟ್ಟು ಕೂತ ಮನುಷ್ಯ ಮೂಟೆಯಂತಲ್ಲ. ಹಿಡಿಯಲು ಜಾಗ ಇಲ್ಲ, ಇಕ್ಕಟ್ಟು, ಒದ್ದೆ ನೆಲ, ಜೊತೆಗೆ ನೋಯಿಸುತ್ತೇನೋ ಎಂಬ ಭಯ. ಆಸ್ಪತ್ರೆಯಲ್ಲಿ ಅದೇ ಕೆಲಸಕ್ಕೆ ಇಬ್ಬರು ಬರುತ್ತಾರೆ. ಎರಡು, ಅವರ ಹೆದರಿಕೆ ಹುಚ್ಚಲ್ಲ. ವಯಸ್ಸಾದಂತೆ ಮಾಂಸಖಂಡ ಕರಗುವುದಕ್ಕೆ ವೈದ್ಯರು ಸಾರ್ಕೋಪೀನಿಯಾ ಎನ್ನುತ್ತಾರೆ. 1989ರಲ್ಲಿ ಇರ್ವಿನ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ ಇಟ್ಟ ಹೆಸರು. ಆದರೆ ಅದು ಹಣೆಬರಹವೂ ಅಲ್ಲ. ಮಾರನೇ ವರ್ಷವೇ, 1990ರಲ್ಲಿ, ಅಮೆರಿಕದ ಬಾಸ್ಟನ್‌ನಲ್ಲಿ ವೃದ್ಧಾಶ್ರಮದ ಹತ್ತು ಜನರಿಗೆ, ಸುಮಾರು 90 ವಯಸ್ಸಿನವರಿಗೆ, ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದ್ದರು. ಪೂರ್ತಿ ಮುಗಿಸಿದ ಒಂಬತ್ತು ಜನರ ಕಾಲಿನ ಬಲ ಸರಾಸರಿ 174 ಶೇಕಡಾ ಜಾಸ್ತಿ ಆಯಿತು.

"ತೊಂಬತ್ತರಲ್ಲಾ?"

ತೊಂಬತ್ತರಲ್ಲಿ. ರಾಡ್ ಅಲ್ಲ, ಯಂತ್ರದಲ್ಲಿ, ಪಕ್ಕದಲ್ಲಿ ಜನ ನಿಂತು ಮಾಡಿಸಿದ್ದು ಎಂದೂ ಹೇಳಿದೆ. ಇಲ್ಲದಿದ್ದರೆ ಮನುಷ್ಯ ಅಂದೇ ಸಂಜೆ ಜಿಮ್‌ಗೆ ಓಡುತ್ತಿದ್ದರು.

ಹಾಗಾದರೆ ಬಿಡುವುದು ಬೇಡ. ಹೇಗೆ ಹಿಡಿಯುವುದು ಎಂಬುದಷ್ಟೇ ಪ್ರಶ್ನೆ. ಕಬ್ಬಿಣ ನನ್ನ ವಿಷಯವಲ್ಲ. ಆದ್ದರಿಂದ ಮೊದಲು ಡಾಕ್ಟರ ಹತ್ತಿರ ಕಳಿಸಿದೆ. ಒಳ್ಳೆಯದೇ ಆಯಿತು. ಬಿಪಿ 150ರ ಮೇಲಿತ್ತು, ಅವರಿಗೆ ಗೊತ್ತೇ ಇರಲಿಲ್ಲ. ಉಸಿರು ಬಿಗಿಹಿಡಿದು ಭಾರ ಎತ್ತುವಾಗ ಬಿಪಿ ಒಮ್ಮೆಲೇ ಏರುತ್ತದೆ. ಮೊದಲೇ ಜಾಸ್ತಿ ಇದ್ದವರಿಗೆ ಅದು ಆಟವಲ್ಲ. ಮಾತ್ರೆ ಶುರುವಾಯಿತು. ಬಿಪಿ ಹತೋಟಿಗೆ ಬಂದು, ಸೊಂಟ ಸರಿಯಾಗಿ, ಡಾಕ್ಟರು ಸರಿ ಎನ್ನುವಾಗ ಆಗಸ್ಟ್ ಅರ್ಧ ಕಳೆದಿತ್ತು. ಉಸಿರು ಕಟ್ಟಬಾರದು, ಎತ್ತುವಾಗ ಬಿಡಬೇಕು ಎಂಬುದು ಡಾಕ್ಟರ ಷರತ್ತು.

ಜಿಮ್‌ನಲ್ಲಿ ವಯಸ್ಸಾದವರಿಗೆ ಕಲಿಸಿ ಗೊತ್ತಿರುವ ಟ್ರೇನರ್ ಒಬ್ಬರಿದ್ದರು. ಶೇಖರಣ್ಣ ಅವರನ್ನು ಕೇಳಿರಲೇ ಇಲ್ಲ. ಅವರು ಹೇಳಿದ್ದು ಒಂದೇ: ತೂಕದ ಪ್ಲೇಟ್ ಹಾಕದ ಖಾಲಿ ರಾಡ್‌ನಿಂದ ಶುರು. ಒಲಿಂಪಿಕ್ ರಾಡ್ ಅಂದರೆ 20 ಕೆಜಿ. ವಾರಕ್ಕೆ ಎರಡೇ ದಿನ, ಐದೈದು ಸಲದ ಮೂರು ಸೆಟ್. ಐದೂ ಸರಿಯಾಗಿ ಬಂದರೆ ಮಾತ್ರ ಮುಂದಿನ ವಾರ ಆ ಕಡೆ 1.25 ಕೆಜಿ, ಈ ಕಡೆ 1.25 ಕೆಜಿ. ಇನ್ನೂ ಎರಡು ಸಲ ಎತ್ತುವ ತಾಕತ್ತು ಉಳಿದಿರುವಾಗಲೇ ಕೆಳಗಿಡಬೇಕು.

ಇಲ್ಲಿ ಶೇಖರಣ್ಣ ಹಟ ಹಿಡಿದರು. ಪ್ಲೇಟ್ ಇಲ್ಲದ ರಾಡ್ ಹಿಡಿದು ನಿಲ್ಲಲು ನಾಚಿಕೆ. ಡೆಡ್‌ಲಿಫ್ಟ್‌ಗೆ ಇನ್ನೂ ಜಾಸ್ತಿ. ದೊಡ್ಡ ಪ್ಲೇಟ್ ಇಲ್ಲದಿದ್ದರೆ ರಾಡ್ ನೆಲಕ್ಕೇ ಮಲಗುತ್ತದೆ, ತುಂಬ ಬಗ್ಗಬೇಕಾಗುತ್ತದೆ ಎಂದು ಟ್ರೇನರ್ ಎರಡು ಕಡೆ ಮಣೆಯಂಥದ್ದು ಇಟ್ಟು ಅದರ ಮೇಲೆ ರಾಡ್ ಇಟ್ಟರಂತೆ. "ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸಿದ ಹಾಗೆ. ಹದಿನೆಂಟರ ಹುಡುಗರೆಲ್ಲ ನೋಡ್ತಾ ಇದ್ರು ಮಾರ್ರೆ." ನಾನು ಅವರ ಅಡುಗೆಮನೆಯನ್ನೇ ನೆನಪಿಸಿದೆ. ಹೊಸ ಹುಡುಗ ಬಂದರೆ ಮೊದಲ ದಿನವೇ ದೋಸೆ ಕಾವಲಿ ಕೊಡ್ತೀರಾ? "ಛೆ, ಆರು ತಿಂಗಳು ರುಬ್ಬಬೇಕು" ಎಂದರು. ಹೇಳಿದ ಮೇಲೆ ತಾವೇ ನಕ್ಕರು. ನಲವತ್ತು ವರ್ಷದ ಹಿಂದೆ ಮೂಟೆ ಹೊತ್ತ ನೆನಪು ಬೆನ್ನಿಗೆ ಇರುವುದಿಲ್ಲ, ತಲೆಗೆ ಮಾತ್ರ ಇರುತ್ತದೆ. ಮಾಂಸಖಂಡ ಬೇಗ ಬಲವಾದರೂ ಅದನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ನಿಧಾನ. ಐದು ವಾರಕ್ಕೆ 100 ಎಂದರೆ ಮೈ ಅದಕ್ಕೆ ಇನ್ನೂ ತಯಾರಾಗಿರುವುದಿಲ್ಲ.

ಮಗನ ಜೊತೆ ಹೋಲಿಕೆಗೆ ಅವರ ಕ್ರೀಡೆಯ ನಿಯಮವೇ ನನ್ನ ನೆರವಿಗೆ ಬಂತು. ಡೆಡ್‌ಲಿಫ್ಟ್ ಸೇರಿದ ಭಾರ ಎತ್ತುವ ಕ್ರೀಡೆ ಪವರ್‌ಲಿಫ್ಟಿಂಗ್‌ನ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ 40ರಿಂದ 49 ಒಂದು ಪಂಗಡ, 50ರಿಂದ 59 ಇನ್ನೊಂದು, 60ರ ನಂತರ ಮತ್ತೆ ಬೇರೆ. ವೇದಿಕೆಯ ಮೇಲೂ 53 ವರ್ಷದವರು 24ರ ಹುಡುಗನ ಎದುರು ನಿಲ್ಲಲೇಬೇಕು ಎಂದು ಯಾರೂ ಹೇಳುವುದಿಲ್ಲ. ಇದನ್ನು ಕೇಳಿ ಅವರಿಗೆ ಸಮಾಧಾನ ಆಯಿತೋ, ಹೊಸ ಆಸೆ ಹುಟ್ಟಿತೋ, ಮುಖ ನೋಡಿದರೆ ಎರಡನೆಯದೇ ಇರಬೇಕು.

ನನಗೆ ಹೆಚ್ಚು ಚಿಂತೆ ಇದ್ದದ್ದು ನಿದ್ದೆಯದು. ರಾತ್ರಿ ಹನ್ನೊಂದೂವರೆಗೆ ಶಟರ್ ಎಳೆಯುವುದು, ನಾಲ್ಕೂವರೆಗೆ ಇಡ್ಲಿಗೆ ಎದ್ದೇಳುವುದು. ಮಧ್ಯಾಹ್ನ ಮೂರರಿಂದ ಐದು ಮೊದಲು ಮಲಗುತ್ತಿದ್ದರು. ಜಿಮ್ ಸೇರಿದ ಮೇಲೆ ಆ ಹೊತ್ತನ್ನು ಅದೇ ನುಂಗಿತ್ತು. ವಾರಕ್ಕೆ ಐದು ದಿನ! ಬಲ ಬರುವುದು ಎತ್ತುವಾಗ ಅಲ್ಲ, ಆಮೇಲೆ ಮಲಗಿದಾಗ. ಇವರು ಬರೀ ಖರ್ಚು ಮಾಡುತ್ತಿದ್ದರು, ಜಮಾ ಇರಲಿಲ್ಲ. ಜಿಮ್‌ನ ಎರಡು ದಿನ ಬೆಳಗಿನ ಶಟರ್ ತೆಗೆಯಲು ಅಕ್ಕನ ಮಗನಿಗೆ ಕೀ ಕೊಡಿ ಎಂದೆ. ಆ ಕೀ ಕೈ ಬಿಡಲು ಅವರಿಗೆ ಮೂರು ವಾರ ಬೇಕಾಯಿತು. ನಿಜ ಹೇಳಬೇಕೆಂದರೆ 20 ಕೆಜಿ ರಾಡ್ ಹಿಡಿಸಿದ್ದಕ್ಕಿಂತ ಕಷ್ಟದ ಕೆಲಸ ಅದು.

ಊಟದ ಕತೆ ಬೇರೆ. ಹೋಟೆಲ್ ಯಜಮಾನರು ಹೊಟ್ಟೆ ತುಂಬ ಉಣ್ಣುತ್ತಾರೆ ಎಂದು ನೀವು ತಿಳಿದಿದ್ದರೆ ತಪ್ಪು. ನಿಂತಲ್ಲೇ ಎರಡು ಇಡ್ಲಿ, ದಿನಕ್ಕೆ ಏಳೆಂಟು ಚಹಾ, ರಾತ್ರಿ ಉಳಿದ ಅನ್ನ-ಸಾರು. ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಎಂಬುದು ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಹೇಳುವ ಲೆಕ್ಕ. 78 ಕೆಜಿಯ ಇವರಿಗೆ ಅದೇ ಸುಮಾರು 65 ಗ್ರಾಂ ಆಯಿತು. ಭಾರ ಎತ್ತುವವರಿಗೆ ಇನ್ನೂ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ. ಡಬ್ಬದ ಪೌಡರ್ ತರಲೇ ಎಂದು ಕೇಳಿದರು. ಮೊದಲು ಮನೆಯ ಬಂಗುಡೆ, ಹೆಸರುಕಾಳು, ಮೊಸರು ತಟ್ಟೆಗೆ ಬರಲಿ ಎಂದೆ. ಉಳಿದದ್ದನ್ನು ಡಯಟೀಶಿಯನ್‌ಗೆ ಬಿಟ್ಟೆ.

ಮಗ ಒಂದೇ ಸಲ ಬಂದ, ನಾಲ್ಕನೇ ಭೇಟಿಗೆ. ಒಳ್ಳೆಯ ಹುಡುಗ. ಕನ್ನಡ ಶುರು ಮಾಡಿ ಹಿಂದಿಯಲ್ಲಿ ಮುಗಿಸುತ್ತಾನೆ. 46 ಕೆಜಿಯ ವಿಷಯ ನಾನು ಎತ್ತಲಿಲ್ಲ, ಅದು ಅವರ ಸ್ವತ್ತು. ಶೇಖರಣ್ಣನೇ ಹೇಳಿದರು, ಕಿಟಕಿ ಕಡೆ ಮುಖ ಮಾಡಿ. ಹುಡುಗ ಸುಮ್ಮನಾದ. ಆಮೇಲೆ ಕೇಳಿದ್ದು ಇಷ್ಟೇ: "ಅಜ್ಜನ್ನ ಎತ್ತಲಿಕ್ಕೆ ನನ್ನನ್ನು ಯಾಕೆ ಕರೀಲಿಲ್ಲ ಪಪ್ಪ?" ಕ್ಷಮೆ, ಅಪ್ಪುಗೆ ಅಂಥದ್ದೇನೂ ನಡೆಯಲಿಲ್ಲ. ನಮ್ಮ ಕರಾವಳಿಯ ಗಂಡಸರಿಂದ ಅದನ್ನು ನಾನು ನಿರೀಕ್ಷಿಸುವುದೂ ಇಲ್ಲ. ಹೋಗುವಾಗ ಅಪ್ಪನ ಕೊಡೆಯನ್ನು ಮಗ ಹಿಡಿದುಕೊಂಡ.

ಅವರಿಬ್ಬರಿಗೆ ಕೊಟ್ಟ ಸಲಹೆ ಚಿಕ್ಕದು. ವಾರದ ದಿನ ಒಟ್ಟಿಗೆ ಜಿಮ್‌ಗೆ ಹೋಗಬೇಡಿ. ಭಾನುವಾರ ಮಾತ್ರ ಮಗ ಹಿಂದೆ ನಿಂತು ಬೆನ್ನು ನೇರ ಇದೆಯಾ ನೋಡಲಿ. ಆ ದಿನ ತಾನು ಎತ್ತಬಾರದು. ಮತ್ತೆ, ಲೆಕ್ಕ ಬರೆಯಿರಿ ಎಂದು ಅಪ್ಪನಿಗೆ ಹೇಳಿದೆ. ನಲವತ್ತು ವರ್ಷ ಹೋಟೆಲಿನ ಲೆಕ್ಕ ಬರೆದವರಿಗೆ ಇದು ಹೇಳಬೇಕಾಗಿಯೇ ಇರಲಿಲ್ಲವೇನೋ.

ಜನವರಿಯಲ್ಲಿ ಕೊನೆಯ ಸಲ ಬಂದಾಗ ಶರ್ಟಿನ ಜೇಬಿನಿಂದ ಹೋಟೆಲಿನ ಬಿಲ್ ಪುಸ್ತಕ ತೆಗೆದರು. ಬಿಲ್ಲಿನ ಹಿಂಬದಿಯಲ್ಲಿ, ತರಕಾರಿ ಲೆಕ್ಕದಂತೆ ಸಾಲಾಗಿ: 52.5, ಐದು, ಐದು, ಐದು. 55, ಐದು, ಐದು, ನಾಲ್ಕು. ಮತ್ತೆ 55. ಮತ್ತೆ 55. ಆಮೇಲೆ 57.5. ಒಂದು ಪುಟದಲ್ಲಿ ತೂಕವೇ ಇಲ್ಲ, "ನಿದ್ದೆ ಇಲ್ಲ, ಮದುವೆ ಆರ್ಡರ್, ಹೋಗಲಿಲ್ಲ" ಎಂದಿತ್ತು. ಆ ಪುಟ ನೋಡಿ ನನಗೆ ಖುಷಿಯಾಯಿತು. ಮೊದಲಿನ ಶೇಖರಣ್ಣ ಆದರೆ ಅವತ್ತೂ ಹೋಗುತ್ತಿದ್ದರು.

ಎದ್ದು ನಿಲ್ಲುವಾಗ ಕುರ್ಚಿಯ ಕೈ ಹಿಡಿಯಲಿಲ್ಲ. ನಾನು ಗಮನಿಸಲಿಲ್ಲವೇನೋ ಎಂದು ಇನ್ನೊಮ್ಮೆ ಕೂತು ಎದ್ದರು.

ಮಗನಿಗೆ ನವೆಂಬರ್‌ನಿಂದ ಪುಣೆಯಲ್ಲಿ ಕೆಲಸ. ಭಾನುವಾರಕ್ಕೆ ಯಾವಾಗಲಾದರೂ ಬರುತ್ತಾನೆ. ಹಾಗಾಗಿ ಹೋಲಿಕೆ ಬಿಟ್ಟುಹೋಗಿದ್ದು ನನ್ನ ಸಲಹೆಯಿಂದಲೋ, ಎದುರಾಳಿ ಊರು ಬಿಟ್ಟಿದ್ದರಿಂದಲೋ ನಾನು ಹೇಳಲಾರೆ. ಬಾಗಿಲ ಹತ್ತಿರ ಹೋದವರು ತಿರುಗಿದರು.

"ಅವ ಅಲ್ಲಿ 140 ಎತ್ತುತ್ತಾನಂತೆ ಮೇಡಂ. ನಾನು ಕೇಳಲಿಲ್ಲ, ಅವನ ಅಮ್ಮ ಹೇಳಿದ್ದು."