ರೀಮ್ಯಾಪ್ ಆದ ಟರ್ಬೊ ಪೆಟ್ರೋಲ್, ನಂದಿ ಬೆಟ್ಟದ ಏರು, ನಾಕಿಂಗ್

ಬ್ರದರ್, ನಿಮ್ಮ ಪೋಸ್ಟ್ ಓದಿದೆ. ನಿಮ್ಮ ಕಾರು 1.2 ಲೀಟರ್ ಟರ್ಬೊ ಪೆಟ್ರೋಲ್, ಸ್ಟೇಜ್ 1 ರೀಮ್ಯಾಪ್ (ಇಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಪವರ್ ಹೆಚ್ಚಿಸುವ ಮೊದಲ ಹಂತ), ಕೋನ್ ಫಿಲ್ಟರ್ (ಶಂಕು ಆಕಾರದ ತೆರೆದ ಏರ್ ಫಿಲ್ಟರ್). ನಂದಿ ಬೆಟ್ಟದ ಮೇಲಿನ ತಿರುವುಗಳಲ್ಲಿ ಟೆಂಪರೇಚರ್ ಮುಳ್ಳು ಏರುತ್ತದೆ, ಆಕ್ಸಿಲರೇಟರ್ ಒತ್ತಿದರೆ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ ಶಬ್ದ (ನಾಕಿಂಗ್) ಬರುತ್ತದೆ. ದೊಡ್ಡ ರೇಡಿಯೇಟರ್ ಹಾಕಿಸಲಾ, ಆಕ್ಟೇನ್ (ಪೆಟ್ರೋಲಿನ ನಾಕಿಂಗ್ ತಡೆಯುವ ಶಕ್ತಿ) ಬೂಸ್ಟರ್ ಸುರಿಯಲಾ, ಮೆಕ್ಯಾನಿಕ್ ಹೇಳಿದಂತೆ ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ಕೂಲೆಂಟ್ ಹರಿವು ತೆರೆದು ಮುಚ್ಚುವ ವಾಲ್ವ್) ತೆಗೆಸಲಾ ಅಂತ ಕೇಳಿದ್ದೀರಿ. ಈ ಮೂರೂ ಈಗ ಬೇಡ. ಕಂಪನಿ ಕೊಟ್ಟ ಕೂಲಿಂಗ್ ಪೂರ್ತಿ ಕೆಲಸ ಮಾಡುತ್ತಿದೆಯಾ, ಮೊದಲು ಅದನ್ನು ನೋಡಿ. ಆಮೇಲೆ ಮ್ಯಾಪ್, ಅಂದರೆ ಆ ಸಾಫ್ಟ್‌ವೇರ್ ಸೆಟ್ಟಿಂಗ್. ಹೊಸ ಪಾರ್ಟ್ ಕೊನೆಗೆ.

ಬಿಸಿ ಬೇರೆ, ನಾಕಿಂಗ್ ಬೇರೆ ಅಂತ ನೋಡಬೇಡಿ. ಸ್ಪಾರ್ಕ್ ಹಚ್ಚಿದ ಬೆಂಕಿ ಸಿಲಿಂಡರಿನ ಅಂಚು ಮುಟ್ಟುವ ಮೊದಲೇ ಅಲ್ಲಿದ್ದ ಗಾಳಿ, ಪೆಟ್ರೋಲು ಬಿಸಿಗೂ ಒತ್ತಡಕ್ಕೂ ತಾನಾಗಿ ಹೊತ್ತಿಕೊಂಡರೆ ಅದೇ ನಾಕಿಂಗ್. ರೀಮ್ಯಾಪಿನಲ್ಲಿ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಜಾಸ್ತಿ ಮಾಡಿ ಟೈಮಿಂಗ್ (ಸ್ಪಾರ್ಕ್ ಹೊತ್ತಿಸುವ ಸಮಯ) ಮುಂದಕ್ಕೆ ತಂದಿರುತ್ತಾರೆ. ಹಾಗಾಗಿ ಮೊದಲು ತಡೆದುಕೊಳ್ಳುತ್ತಿದ್ದ ಬಿಸಿಯನ್ನು ಇಂಜಿನ್ ಈಗ ತಡೆಯುವುದಿಲ್ಲ. ನಾಕ್ ಆದಾಗ ಪಿಸ್ಟನ್, ಹೆಡ್ ಇನ್ನೂ ಕಾಯುತ್ತವೆ, ಕಾದಷ್ಟೂ ನಾಕ್ ಹೆಚ್ಚುತ್ತದೆ. ಇನ್ನೊಂದು ಮಾತು. ಸಣ್ಣ ನಾಕನ್ನು ಸೆನ್ಸರ್ ಹಿಡಿದು ಇಸಿಯು (ಇಂಜಿನ್ ಕಂಪ್ಯೂಟರ್) ಟೈಮಿಂಗ್ ಹಿಂದಕ್ಕೆ ತರುತ್ತದೆ, ನಮ್ಮ ಕಿವಿಗೆ ಬೀಳುವುದೇ ಇಲ್ಲ. ನಿಮಗೆ ಕೇಳಿಸುತ್ತಿದೆ ಅಂದರೆ ಅದರ ಕೈಮೀರಿದೆ. ಪಿಸ್ಟನ್ನಿನ ರಿಂಗ್ ಲ್ಯಾಂಡ್ (ರಿಂಗುಗಳ ನಡುವಿನ ಪಟ್ಟಿ) ಒಡೆಯುವುದು ಹೀಗೆಯೇ. ಸರಿಯಾಗುವ ತನಕ ಬೆಟ್ಟದಲ್ಲಿ ಫುಲ್ ಆಕ್ಸಿಲರೇಟರ್ ಒತ್ತಲೇಬೇಡಿ, ದಯವಿಟ್ಟು.

ಈಗ ಬಂಪರ್ ಬಿಚ್ಚಿಸಿ. ನಮ್ಮ ಚಿಕ್ಕಬಳ್ಳಾಪುರದ ಕಡೆ ಸುಗ್ಗಿಯಲ್ಲಿ ಹುರುಳಿ, ರಾಗಿಯನ್ನು ರಸ್ತೆ ಮೇಲೇ ಹರಡಿರುತ್ತಾರೆ, ಅದರ ಮೇಲೇ ನಾವು ಓಡಿಸುತ್ತೇವೆ. ಆ ಹೊಟ್ಟು ಎಲ್ಲಿಗೆ ಹೋಗುತ್ತದೆ? ಎಸಿ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವಿನ ಸಂದಿಗೆ. ಮುಂದಿನಿಂದ ನೋಡಿದರೆ ಕಂಡೆನ್ಸರ್ ಕ್ಲೀನಾಗೇ ಕಾಣುತ್ತದೆ. ಅದನ್ನು ಸ್ವಲ್ಪ ಮುಂದಕ್ಕೆ ಸರಿಸಿ ಟಾರ್ಚ್ ಬಿಟ್ಟರೆ ಹೊಟ್ಟು, ಹುಳ, ಕೆಮ್ಮಣ್ಣು ಸೇರಿ ಬೆರಳಲ್ಲಿ ಸುಲಿಯುವಷ್ಟು ದಪ್ಪ ಪದರ ಕಟ್ಟಿರುತ್ತದೆ. ಇಂಜಿನ್ ಕಡೆಯಿಂದ ಹೊರಕ್ಕೆ, ಕಡಿಮೆ ಪ್ರೆಶರ್ ನೀರಿನಲ್ಲಿ ತೊಳೆಸಿ. ಜೆಟ್ ವಾಷ್ ಹತ್ತಿರ ಹಿಡಿದರೆ ಫಿನ್ ಮಡಚಿಕೊಂಡು ಇದ್ದ ದಾರಿಯೂ ಮುಚ್ಚುತ್ತದೆ. ಫ್ಯಾನ್ ಎರಡೂ ಸ್ಪೀಡಿನಲ್ಲಿ ತಿರುಗುತ್ತದೆಯಾ, ಅದರ ಸುತ್ತಲಿನ ಪ್ಲಾಸ್ಟಿಕ್ ಕವರ್ ಪೂರ್ತಿ ಇದೆಯಾ, ಅದನ್ನೂ ನೋಡಿಸಿ. ಬೆಟ್ಟದ ತಿರುವಿನಲ್ಲಿ ಕಾರು ನಿಧಾನ, ಎದುರು ಗಾಳಿ ಇಲ್ಲ, ಎಲ್ಲ ಭಾರ ಫ್ಯಾನಿನ ಮೇಲೆ.

ಒಳಗಡೆ ಏನು ಹಾಕಿದ್ದೀರಿ? ಕೋಲಾರ, ಚಿಕ್ಕಬಳ್ಳಾಪುರದ ಬೋರ್‌ವೆಲ್ ನೀರು ಎಷ್ಟು ಗಡಸು ಅಂತ ಮನೆಯ ಗೀಸರ್ ಕಾಯಿಲ್ ನೋಡಿದವರಿಗೆ ಗೊತ್ತು. ಅದೇ ಬಿಳಿ ಪದರ ರೇಡಿಯೇಟರ್ ಕೊಳವೆಯಲ್ಲೂ ಕಟ್ಟುತ್ತದೆ. ಯಾರಾದರೂ ಟಾಪ್‌ಅಪ್‌ಗೆ ನಲ್ಲಿ ನೀರು ಹಾಕಿದ್ದರೆ ಪೂರ್ತಿ ಫ್ಲಶ್ ಮಾಡಿಸಿ. ಮ್ಯಾನ್ಯುಯಲ್ ಹೇಳಿದ ಕೂಲೆಂಟ್ ಕಾನ್ಸಂಟ್ರೇಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ತುಂಬಿಸಿದ ಮೇಲೆ ಒಳಗಿನ ಗಾಳಿ ಪೂರ್ತಿ ತೆಗೆಯಬೇಕು. ಪ್ರೆಶರ್ ಕ್ಯಾಪ್ ಹಳೆಯದಾಗಿದ್ದರೆ ಬದಲಿಸಿ. ನಂದಿ ಬೆಟ್ಟ 1478 ಮೀಟರ್ ಎತ್ತರ, ಅಲ್ಲಿ ತೆರೆದ ಪಾತ್ರೆಯ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ. ಕೂಲೆಂಟ್ 100 ದಾಟಿದರೂ ಕುದಿಯದೆ ಇರಬೇಕಾದರೆ ಆ ಕ್ಯಾಪ್ ಒತ್ತಡ ಹಿಡಿಯಲೇಬೇಕು.

ಥರ್ಮೋಸ್ಟಾಟ್ ತೆಗೆಯಬೇಡಿ. ತೆಗೆದರೆ ಇಂಜಿನ್ ಬೇಗ ಬಿಸಿಯಾಗುವುದಿಲ್ಲ, ಇಸಿಯು ಪೆಟ್ರೋಲ್ ಜಾಸ್ತಿ ಸುರಿಯುತ್ತದೆ, ಸವೆತ ಹೆಚ್ಚುತ್ತದೆ. ಸಿಕ್ಕಿಹಾಕಿಕೊಂಡಿದೆ ಅನ್ನಿಸಿದರೆ ಹೊಸದು ಹಾಕಿಸಿ, ಅಷ್ಟೆ.

ಕೋನ್ ಫಿಲ್ಟರ್ ವಿಷಯ ನಿಮಗೆ ಇಷ್ಟವಾಗಲಿಕ್ಕಿಲ್ಲ. ಬಾನೆಟ್ ಒಳಗೆ ಸುಮ್ನೆ ತೆರೆದಿಟ್ಟ ಕೋನ್ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಸ್ಟೇಜ್ 1 ಪವರ್‌ಗೆ ಕಂಪನಿಯ ಏರ್‌ಬಾಕ್ಸ್ ಸಾಕು, ವಾಪಸ್ ಹಾಕಿಸಿ.

ಸ್ಪಾರ್ಕ್ ಪ್ಲಗ್ ಎಲ್ಲವನ್ನೂ ಬಿಚ್ಚಿಸಿ, ಯಾವುದು ಯಾವ ಸಿಲಿಂಡರ್ ಅಂತ ಗುರುತು ಹಾಕಿಡಿ. ಬಿಳಿ ಪಿಂಗಾಣಿಯನ್ನು ಬಿಸಿಲಲ್ಲಿ ಹಿಡಿದು ಲೆನ್ಸಿನಲ್ಲಿ ನೋಡಿ. ಸೂಜಿಮೊನೆಯಷ್ಟು ಕಪ್ಪು ಚುಕ್ಕಿ ಅಥವಾ ಹೊಳೆಯುವ ಅಲ್ಯೂಮಿನಿಯಂ ಕಣ ಅಂಟಿದ್ದರೆ ನಾಕಿಂಗ್ ಜೋರಾಗೇ ಇದೆ. ಹೊಳೆಯುವ ಕಣ ಪಿಸ್ಟನ್ನಿನದು. ಆಗ ಕಾರು ನಿಲ್ಲಿಸಿ, ಕಂಪ್ರೆಷನ್ ಟೆಸ್ಟ್ ಮಾಡಿಸಿ. ಹೊಸ ಪ್ಲಗ್ ಒಂದು ಹೆಜ್ಜೆ ಕೋಲ್ಡ್ (ಬಿಸಿಯನ್ನು ಬೇಗ ಹೊರಹಾಕುವಂಥದ್ದು) ಇರಲಿ. ಎನ್‌ಜಿಕೆಯಲ್ಲಿ ನಂಬರ್ ಹೆಚ್ಚಾದಷ್ಟೂ ಕೋಲ್ಡ್, ಬಾಷ್‌ನಲ್ಲಿ ಉಲ್ಟಾ. ಅಂಗಡಿಯಲ್ಲಿ ಇಲ್ಲೇ ಎಡವಟ್ಟಾಗುವುದು.

ಪೆಟ್ರೋಲ್ ಬಗ್ಗೆ. ಮ್ಯಾಪ್ ಯಾವ ಆಕ್ಟೇನ್‌ಗೆ ಬರೆದದ್ದು ಅಂತ ಟ್ಯೂನರ್ ಹತ್ತಿರ ಕೇಳಿ, ಅದಕ್ಕಿಂತ ಕಡಿಮೆಯದು ಹಾಕಬೇಡಿ. ಬೂಸ್ಟರ್ ಬಾಟಲಿಗಿಂತ ಬಂಕಿನ ಹೆಚ್ಚು ಆಕ್ಟೇನ್ ಪೆಟ್ರೋಲೇ ನಂಬಿಕೆಯದು. ಇ20 (ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್) ಬರುವ ಮೊದಲು ಮಾಡಿದ ಮ್ಯಾಪ್ ಆದರೆ ಇನ್ನೊಮ್ಮೆ ನೋಡಿಸಿ. ಎಥನಾಲ್ ನಾಕಿಂಗ್ ತಡೆಯುತ್ತದೆ ನಿಜ, ಆದರೆ ಅದಕ್ಕೆ ಇಂಧನ ಜಾಸ್ತಿ ಬೇಕು. ಇಂಜೆಕ್ಟರ್ ಆಗಲೇ ಮಿತಿಯಲ್ಲಿದ್ದರೆ ಫುಲ್ ಲೋಡಿನಲ್ಲಿ ಮಿಶ್ರಣ ಲೀನ್ ಆಗಿ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಾಗಿ) ಲಾಭಕ್ಕಿಂತ ನಷ್ಟವೇ ಹೆಚ್ಚು.

ಬೆಟ್ಟದಲ್ಲಿ ಮೂರನೇ ಗೇರಲ್ಲಿ 1500 ಆರ್‌ಪಿಎಂಗೆ ಎಳೆಸಬೇಡಿ, ಟರ್ಬೊ ಇಂಜಿನ್ನಿಗೆ ಅದಕ್ಕಿಂತ ಕೆಟ್ಟದ್ದಿಲ್ಲ. ಎರಡಕ್ಕೆ ಇಳಿಸಿ, ಹಗುರವಾಗಿ ಒತ್ತಿ. ಮುಳ್ಳು ಏರಿದರೆ ಎಸಿ ಆಫ್, ಹೀಟರ್ ಫುಲ್, ಕಿಟಕಿ ಇಳಿಸಿ, ಜಾಗ ಸಿಕ್ಕಲ್ಲಿ ನಿಲ್ಲಿಸಿ. ಬಿಸಿಯಿರುವಾಗ ಕ್ಯಾಪ್ ಮುಟ್ಟಬೇಡಿ.

ಇಷ್ಟಾದ ಮೇಲೆ ಬ್ಲೂಟೂತ್ ಒಬಿಡಿ ಡಾಂಗಲ್ (ಇಂಜಿನ್ ಕಂಪ್ಯೂಟರಿನ ಅಂಕಿಗಳನ್ನು ಫೋನಿಗೆ ಕಳಿಸುವ ಸಾಧನ) ಹಾಕಿ ಅದೇ ಏರಿನಲ್ಲಿ ಲಾಗ್ ತೆಗೆಯಿರಿ. ಎಷ್ಟೋ ಕಾರುಗಳಲ್ಲಿ ಕೂಲೆಂಟ್ 80 ಇರಲಿ 100 ಇರಲಿ ಮುಳ್ಳು ನಡುವೆಯೇ ನಿಂತಿರುತ್ತದೆ. ಅದು ಏರುವಷ್ಟರಲ್ಲಿ ತಡವಾಗಿರುತ್ತದೆ, ಅದಕ್ಕೇ ನಂಬರ್ ಬೇಕು. ಕೂಲೆಂಟ್, ಇನ್‌ಟೇಕ್ ಗಾಳಿಯ ಟೆಂಪರೇಚರ್, ಟೈಮಿಂಗ್, ಫ್ಯೂಯಲ್ ಟ್ರಿಮ್ (ಇಸಿಯು ಇಂಧನವನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಅಂಕಿ), ನಾಲ್ಕೂ ಒಟ್ಟಿಗೆ ಬರಲಿ. ಇನ್‌ಟೇಕ್ ಗಾಳಿ 60 ಡಿಗ್ರಿ ದಾಟಿ ಟೈಮಿಂಗ್ ಬೀಳುತ್ತಿದ್ದರೆ ಆಗ ಟರ್ಬೊದಿಂದ ಬರುವ ಗಾಳಿ ತಣಿಸುವ ದೊಡ್ಡ ಇಂಟರ್‌ಕೂಲರ್ ಮಾತಾಡೋಣ. ಗಾಳಿ ತಣ್ಣಗಿದ್ದೂ ಟೈಮಿಂಗ್ ಬೀಳುತ್ತಿದ್ದರೆ ಮ್ಯಾಪ್‌ನಲ್ಲೇ ಒಂದೆರಡು ಡಿಗ್ರಿ ಟೈಮಿಂಗ್, ಸ್ವಲ್ಪ ಬೂಸ್ಟ್ ಕಡಿಮೆ ಮಾಡಿಸಿ. ಲಾಗ್ ಫೈಲು, ಪ್ಲಗ್ ಫೋಟೊ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.