ಕಾಗದದಾಗ ಯಾರ ಹೆಸರು ಬರ್ತದ?

ಈ ಪ್ರಕರಣ ಬರೆಯಬೇಕೋ ಬೇಡವೋ ಎಂದು ಸುಮಾರು ದಿನ ಯೋಚಿಸಿದೆ. ಆಪ್ತಸಲಹೆಗಾರಳಾದ ನನ್ನ ಬಳಿ ಬಂದ ಇಂಥ ಪ್ರಕರಣಗಳಲ್ಲಿ ಇದು ಮೂರನೆಯದು, ಅದಕ್ಕೇ ಬರೆಯುತ್ತಿದ್ದೇನೆ. ಹಿಂದೆ ಒಬ್ಬರು ದುಬೈನಿಂದ ಬಂದಿದ್ದರು, ಇನ್ನೊಬ್ಬರು ಮಲೇಷ್ಯಾದಿಂದ. ಮೂವರೂ ನಮ್ಮ ಬಾಗಲಕೋಟೆ ಕಡೆಯವರೇ. ಊರಿನ ಹೊಲ ಮಾರಿ ಪರದೇಶದಲ್ಲಿ ಮನೆ ಮಾಡಲು ಹೊರಟವರು. ಮೂರೂ ಮನೆಗಳಲ್ಲಿ ಗಂಡ ಹೆಂಡತಿ ಮಾತು ಬಿಟ್ಟಿದ್ದರು. ಈ ಕುಟುಂಬದ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗದಂತೆ ವಯಸ್ಸು, ಕೆಲಸ, ಊರು ಬದಲಿಸಿದ್ದೇನೆ.

ಆತನಿಗೆ ನಲವತ್ತರ ಆಸುಪಾಸು. ಬ್ಯಾಂಕಾಕಿನಲ್ಲಿ ಆರು ವರ್ಷದಿಂದ ಕೆಲಸ. ಹೆಂಡತಿ, ಮಗಳು ಜೊತೆಗಿದ್ದಾರೆ. ತಾಯಿ ಇಲ್ಲೇ ನವನಗರದಲ್ಲಿ. ರಜೆಗೆ ಬಂದಾಗ ಮೊದಲು ನನ್ನ ಬಳಿ ಬಂದದ್ದು ಹೆಂಡತಿ. "ರಾತ್ರಿ ಎರಡಕ್ಕ ಎದ್ದು ಮೊಬೈಲ್‌ನ್ಯಾಗ ಮನಿ ನಕ್ಷೆ ನೋಡ್ಕೋತ ಕೂಡ್ತಾರ್ರಿ. ಏನರ ಕೇಳಿದ್ರ, ನಿನಗ ನನ್ನ ಮ್ಯಾಲ ನಂಬಿಕಿ ಇಲ್ಲ ಅಂತಾರ" ಎಂದರು. ಮನೆ ಬೇಡ ಎಂದು ಅವರು ಹೇಳುತ್ತಿರಲಿಲ್ಲ. ಹೇಗೆ, ಯಾರ ಹೆಸರಿಗೆ ಎಂಬುದು ಅವರಿಗೆ ಗೊತ್ತಿರಲಿಲ್ಲ, ಅಷ್ಟೇ.

ಮುಂದಿನ ವಾರ ಆತ ಬಂದ. ಬಂದವನೇ ನಕ್ಷೆ ತೋರಿಸಿದ. ಬ್ಯಾಂಕಾಕಿನ ಹೊರವಲಯದಲ್ಲಿ ಜಾಗ. ಮುಂದೆ ಪಡಸಾಲೆ, ಹಿಂದೆ ತುಳಸಿಕಟ್ಟೆ. ಪಡಸಾಲೆಯ ಕಂಬ ಎಷ್ಟು ದಪ್ಪ ಇರಬೇಕು ಎಂದು ಬೆರಳಿನಲ್ಲಿ ಅಳತೆ ಮಾಡಿ ತೋರಿಸಿದ. ಆ ಉತ್ಸಾಹ ನೋಡಿ ಸುಮ್ನೆ ತಲೆಯಾಡಿಸಬೇಕು ಅನ್ನಿಸಿತು.

ಆದರೆ ಥಾಯ್ಲೆಂಡಿನಲ್ಲಿ ಪರದೇಶದವರು ಸಾಮಾನ್ಯವಾಗಿ ಭೂಮಿಯನ್ನು ತಮ್ಮ ಹೆಸರಿಗೆ ಕೊಳ್ಳುವಂತಿಲ್ಲ. ಅಪಾರ್ಟ್‌ಮೆಂಟಿನ ಫ್ಲಾಟ್ ಕೊಳ್ಳಬಹುದು, ಅದೂ ಒಂದು ಕಟ್ಟಡದ ಒಟ್ಟು ಫ್ಲಾಟುಗಳ ವಿಸ್ತೀರ್ಣದಲ್ಲಿ 49%ವರೆಗೆ ಮಾತ್ರ ಪರದೇಶದವರಿಗೆ. ಭೂಮಿಯನ್ನು 30 ವರ್ಷದ ಗುತ್ತಿಗೆಗೆ ಪಡೆಯಬಹುದು. ಆತನ ಏಜೆಂಟ್ ಬೇರೆ ದಾರಿ ಹೇಳಿದ್ದ: ಒಂದು ಕಂಪನಿ ಮಾಡಿ, ಅದರಲ್ಲಿ 51% ಪಾಲು ಅಲ್ಲಿಯ ಇಬ್ಬರು ಸ್ನೇಹಿತರ ಹೆಸರಿಗೆ ಇಡಿ, ಜಾಗ ಕಂಪನಿಯ ಹೆಸರಿಗೆ ಬರಲಿ. ಹೀಗೆ ಬೇರೆಯವರನ್ನು ಬರೀ ಹೆಸರಿಗೆ ಮುಂದಿಟ್ಟು ಭೂಮಿ ಕೊಳ್ಳುವುದು ಅಲ್ಲಿಯ ಕಾನೂನಿನಲ್ಲಿ ಅಪರಾಧ. "ಎಲ್ಲಾರೂ ಹಿಂಗ ಮಾಡ್ತಾರ್ರಿ ಮೇಡಂ" ಎಂದ. ಹಣಕ್ಕೆ ಇಲ್ಲಿಯ ನಾಲ್ಕು ಎಕರೆ ಮಾರುವುದು ಎಂದಾಗಿತ್ತು. ಗಿರಾಕಿಯೂ ಸಿಕ್ಕಿದ್ದ.

ಮೂರನೇ ಸಲ ಎಲ್ಲರನ್ನೂ ಕರೆದೆ. ಎಪ್ಪತ್ತು ದಾಟಿದ ತಾಯಿ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಒಳಗೆ ಹೊಲದ ಉತಾರ (ಪಹಣಿ), ಅದರ ಕೆಳಗೆ ಮಡಿಕೆ ಮಡಿಕೆಯಾಗಿ ಹರಿಯಲು ಬಂದ ಒಂದು ಹಳೇ ನೋಟಿಸು. ಮಗ ನಕ್ಷೆ ತೋರಿಸುತ್ತಾ ಹೋದ. ಅವರು ಮೊಬೈಲನ್ನು ದೂರ ಹಿಡಿದು ಬಹಳ ಹೊತ್ತು ನೋಡಿದರು.

"ಇದು ಮುಳುಗಿದ ಮನಿ ಪಡಸಾಲಿ ಅಲ್ಲೇನೋ ತಮ್ಮಾ?"

ಆತ ಸುಮ್ಮನಾದ.

ಆಲಮಟ್ಟಿ ಹಿನ್ನೀರಿನಲ್ಲಿ ಊರು ಕಳೆದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಣೆಕಟ್ಟಿನಲ್ಲಿ ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರದವರೆಗೆ ನೀರು ನಿಲ್ಲಿಸಿದಾಗ ಹೋದ ಮನೆಗಳಲ್ಲಿ ಇವರದೂ ಒಂದು. ಮನೆ ಕಟ್ಟಿದ್ದು ಅಣ್ಣತಮ್ಮಂದಿರಿಬ್ಬರೂ ಸೇರಿ. ಕಾಗದ ಮಾತ್ರ ದೊಡ್ಡಪ್ಪನ ಹೆಸರಿನಲ್ಲಿ. ಮುಳುಗಡೆ ರೊಕ್ಕ ಬಂದದ್ದು ಆ ಹೆಸರಿಗೇ. ಆಗ ಈತನಿಗೆ ಹದಿನೇಳು. ಅಪ್ಪ ಬಾಡಿಗೆ ಮನೆಯಲ್ಲೇ ತೀರಿಕೊಂಡರು.

ತಾಯಿ ಮೊಬೈಲ್ ಮೇಜಿನ ಮೇಲಿಟ್ಟು ಕೇಳಿದರು: "ಕಾಗದದಾಗ ಯಾರ ಹೆಸರು ಬರ್ತದ?"

"ಕಂಪನಿದು, ಅವ್ವಾ. ನಂದೂ ಇರ್ತದ, ಇಬ್ಬರು ದೋಸ್ತರದೂ ಇರ್ತದ. ಭಾಳ ಒಳ್ಳೆಯವರು."

"ನಿಮ್ಮ ದೊಡ್ಡಪ್ಪ ಏನ್ ಕೆಟ್ಟವರಿದ್ರೇನು? ಮನಿ ಕಟ್ಟೂಮುಂದ ಅವರೂ ಒಳ್ಳೆಯವರ ಇದ್ರು. ನೀರು ಬಂದಾಗ ಕಾಗದ ಯಾರೂ ಕೇಳಲಿಲ್ಲ. ರೊಕ್ಕ ಕೊಡೂಮುಂದ ಕೇಳಿದ್ರು."

ನಾನು ಏನೂ ಸೇರಿಸಲಿಲ್ಲ. ಆತ ಎದ್ದು ಕಿಟಕಿ ಹತ್ತಿರ ಹೋಗಿ ನಿಂತ, ಭುಜ ಅಲುಗುತ್ತಿತ್ತು. ಹೆಂಡತಿ ಎದ್ದು ಹೋಗಿ ಪಕ್ಕಕ್ಕೆ ನಿಂತರು. ಆ ದಿನ ಮನೆಯ ಮಾತು ಅಲ್ಲಿಗೇ ನಿಂತಿತು. ಉಳಿದ ಅರ್ಧ ಗಂಟೆ ಆತ ಅಪ್ಪನ ಬಗ್ಗೆ ಮಾತಾಡಿದ. ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ ಎಂದು ತಾಯಿ ಹೇಳಿದರು.

ನಂತರ ನಾನು ಕೊಟ್ಟ ಸಲಹೆಯನ್ನು ಕೆಲವು ಸಹೋದ್ಯೋಗಿಗಳು ಒಪ್ಪಲಿಲ್ಲ. ಆಪ್ತಸಲಹೆಗಾರರು ಆಸ್ತಿ ವಿಷಯಕ್ಕೆ ಕೈ ಹಾಕಬಾರದು, ಕೇಳಿಸಿಕೊಳ್ಳಬೇಕು ಅಷ್ಟೇ ಎಂದರು. ಹಾಗೆಂದು ನನಗೂ ಕಲಿಸಿದ್ದಾರೆ. ಆದರೆ ಒಬ್ಬ ಮನುಷ್ಯ ತನ್ನ ಗಾಯ ವಾಸಿ ಮಾಡಿಕೊಳ್ಳಲು ಹೋಗಿ ಅದೇ ಗಾಯ ಮತ್ತೆ ಮಾಡಿಕೊಳ್ಳುವುದು ಕಣ್ಣಿಗೆ ಕಾಣುತ್ತಿರುವಾಗ ಬಾಯಿ ಮುಚ್ಚಿಕೊಂಡು ಕೂರುವುದು ನನ್ನಿಂದ ಆಗಲಿಲ್ಲ. ಈಗಲೂ ಆಗುವುದಿಲ್ಲ.

ಆರು ತಿಂಗಳು ಎಲ್ಲಿಯೂ ಸಹಿ ಹಾಕಬೇಡ ಎಂದೆ. ನಾನು ವಕೀಲಳಲ್ಲ. ಅಲ್ಲಿ ಏಜೆಂಟ್ ತೋರಿಸಿದ ವಕೀಲರ ಬದಲು ನೀನೇ ಹುಡುಕಿದ ಒಬ್ಬರನ್ನು ಕೇಳು, ಇಲ್ಲಿಯೂ ಒಬ್ಬರನ್ನು ಕೇಳು ಎಂದೆ. ಹೊಲದ ಬಗ್ಗೆ ಆತನಿಗೆ ಗೊತ್ತೇ ಇರದ ಸಂಗತಿ ಒಂದಿತ್ತು. ಪರದೇಶದಲ್ಲಿ ನೆಲೆಸಿದ ಭಾರತೀಯರು ಪಿತ್ರಾರ್ಜಿತ ಹೊಲ ಇಟ್ಟುಕೊಳ್ಳಬಹುದು, ಮಾರಬಹುದು, ಆದರೆ ಅಲ್ಲಿರುವವರೆಗೆ ಹೊಸದಾಗಿ ಹೊಲ ಕೊಳ್ಳುವಂತಿಲ್ಲ. "ಈಗ ಮಾರಿ, ಮುಂದೆ ರೊಕ್ಕ ಆದಾಗ ಮತ್ತೆ ತಗೋತೀನಿ" ಎಂದು ಆತ ತಾಯಿಗೆ ಮಾತು ಕೊಟ್ಟಿದ್ದ. ಅದು ಆತ ಬ್ಯಾಂಕಾಕಿನಲ್ಲಿದ್ದುಕೊಂಡು ನಡೆಸಬಹುದಾದ ಮಾತಾಗಿರಲಿಲ್ಲ.

ಅಲ್ಲೇ ಮನೆ ಬೇಕೇ ಬೇಕು ಅನ್ನಿಸಿದರೆ ಸ್ವಂತ ಹೆಸರಿಗೆ ಬರುವ ಚಿಕ್ಕ ಫ್ಲಾಟ್ ನೋಡು ಎಂದೆ. ಅದಕ್ಕೆ ಹಣ ವಿದೇಶಿ ಹಣವಾಗಿ ಬ್ಯಾಂಕಿನ ಮೂಲಕವೇ ಹೋಗಬೇಕು, ಆ ದಾಖಲೆ ಜೋಪಾನ ಮಾಡಬೇಕು. ಫ್ಲಾಟಿನಲ್ಲಿ ಪಡಸಾಲೆ ಇರುವುದಿಲ್ಲ. ಆ ದುಃಖ ಫ್ಲಾಟ್ ಕೊಂಡರೂ ಹೋಗುವುದಿಲ್ಲ ಎಂದೂ ಹೇಳಿದೆ. ಅದನ್ನು ಹೇಳದೆ ಬಿಟ್ಟಿದ್ದರೆ ನನ್ನ ಸಲಹೆ ಬರೀ ದಲಾಲಿ ಮಾತಾಗುತ್ತಿತ್ತು. ಹೆಂಡತಿಗೆ ಪ್ರತಿಯೊಂದು ಕಾಗದವನ್ನೂ ಓದಿಸು ಎಂದೆ. ಆಕೆ ಪ್ರಶ್ನೆ ಕೇಳಿದರೆ ಅದು ಅಪನಂಬಿಕೆ ಅಲ್ಲ, ಅಲ್ವಾ? ನಿಮ್ಮಪ್ಪ ಅಂದು ಕೇಳದೆ ಬಿಟ್ಟ ಪ್ರಶ್ನೆಯನ್ನೇ ಆಕೆ ಕೇಳುತ್ತಿದ್ದಾಳೆ ಎಂದೆ.

ನಾಲ್ಕು ತಿಂಗಳಾಯಿತು. ಸಹಿ ಹಾಕಿಲ್ಲ. ಬಾಡಿಗೆ ಮನೆಯಲ್ಲೇ ಇದ್ದಾರೆ, ರಾತ್ರಿ ನಿದ್ದೆ ಬರುತ್ತಿದೆ ಎಂದು ಹೆಂಡತಿ ಫೋನ್ ಮಾಡಿದ್ದರು. ನಕ್ಷೆ ಇನ್ನೂ ಮೊಬೈಲಿನಲ್ಲಿದೆಯಂತೆ. ಇರಲಿ ಎಂದೆ.

ಒಂದು ವಿಷಯದಲ್ಲಿ ನಾನೂ ತಪ್ಪಿದೆ. ಆತನಿಗೆ ಜಮಖಂಡಿಗೆ ಕೊಟ್ಟ ತಂಗಿ ಒಬ್ಬಳಿದ್ದಾಳೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಆದರೂ ಅಷ್ಟು ಸಲ ಕೂತು ಮಾತಾಡಿದ ನಾವು ಯಾರೂ ಆಕೆಯ ಹೆಸರು ಎತ್ತಲಿಲ್ಲ. ಹೋದ ವಾರ ತಾಯಿಯೇ ಬಂದು ಕೇಳಿದರು: "ನಾಲ್ಕ ಎಕರೆದಾಗ ಆಕಿದು ಎಲ್ಲಿ ಬರೀಬೇಕ್ರಿ ಮೇಡಂ?" ಮಗನೂ ತಂಗಿಯೂ ಸೇರಿ ಮಾತಾಡಲು ಸೋಮವಾರ ಸಮಯ ಕೊಟ್ಟಿದ್ದೇನೆ. ಆತ ವಿಡಿಯೋ ಕರೆಯಲ್ಲಿ, ಆಕೆ ಇಲ್ಲೇ ನನ್ನೆದುರು.